ಬೇಗೆಯಲ್ಲಿ ಬತ್ತದ ಪೊರೆ

ಬೇಸಿಗೆಯಲ್ಲಿ ಕಲಬುರಗಿಯ ಸುತ್ತಲಿನ ಎರೆಭೂಮಿಯನ್ನು ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ನಡೆಯುವವರ ಕಾಲಿಗೆ ಮೆತ್ತಿಕೊಳ್ಳುತ್ತಿದ್ದ ಅದೇ ಮಣ್ಣು ಮೇ ತಿಂಗಳ ಹೊತ್ತಿಗೆ ಕುಗ್ಗಿ, ಕೈ ಇಳಿಯುವಷ್ಟು ಅಗಲವಾಗಿ ಬಿರುಕು ಬಿಟ್ಟಿರುತ್ತದೆ. ಮಣ್ಣು ಎಲ್ಲಿಗೂ ಹೋಗಿಲ್ಲ. ಹೋದದ್ದು ಅದರೊಳಗಿನ ನೀರು ಮಾತ್ರ. ಆದರೆ ನೀರು ಹೋದೊಡನೆ ಮಣ್ಣಿನ ಗುಣವೇ ಬದಲಾಯಿತು. ಶಾಖವು ಮೊದಲು ಕಸಿದುಕೊಳ್ಳುವುದು ನೀರನ್ನು. ರೈತನಿಗೆ ಚೆನ್ನಾಗಿ ಗೊತ್ತಿರುವ ಈ ಸರಳ ಸಂಗತಿಯೇ ಇಂದು ವಿಜ್ಞಾನಿಗಳ ಮುಂದೆ ಒಂದು ಕಠಿನ ಸಮಸ್ಯೆಯಾಗಿ ನಿಂತಿದೆ. ಅವರ ಸಮಸ್ಯೆ ಇರುವುದು ಹೊಲದಲ್ಲಲ್ಲ. ಇಂಧನಕೋಶ ಎಂಬ ಸಾಧನದೊಳಗಿನ, ಕಾಗದದಷ್ಟು ತೆಳುವಾದ ಒಂದು ಪೊರೆಯಲ್ಲಿ.

ಇಂಧನಕೋಶವೆಂದರೇನು? ಅದರ ಅಗತ್ಯವೇನು? ನಮ್ಮ ಮನೆಗಳಲ್ಲಿ ಬೆಳಗುವ ವಿದ್ಯುದ್ದೀಪಗಳ ಮೂಲವನ್ನು ಹುಡುಕುತ್ತ ಹೋದರೆ ಇದಕ್ಕೆ ಉತ್ತರ ದೊರೆಯುತ್ತದೆ. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನ ವಿದ್ಯುದಾಗಾರವೊಂದು ನಡೆಯುತ್ತಿದೆ. ಅಲ್ಲಿ ಕಲ್ಲಿದ್ದಲನ್ನು ಉರಿಸಿ ನೀರನ್ನು ಹಬೆಯಾಗಿಸುತ್ತಾರೆ. ಹಬೆಯು ಚಕ್ರವನ್ನು ತಿರುಗಿಸುತ್ತದೆ. ಚಕ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೀಗೆ ಶಕ್ತಿಯು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮೂರು ಬಾರಿ ಬದಲಾಗಬೇಕು. ಇಂಥ ಆಗಾರಗಳಲ್ಲಿ ಕಲ್ಲಿದ್ದಲಿನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗವಷ್ಟೇ ವಿದ್ಯುತ್ತಾಗುತ್ತದೆ. ಉಳಿದ ಎರಡು ಭಾಗ ಬಿಸಿಯಾಗಿ ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ಇಂಧನವನ್ನು ಸುಡದೆ, ಹಬೆಯ ನೆರವಿಲ್ಲದೆ, ಅದರಲ್ಲಿ ಅಡಗಿರುವ ಶಕ್ತಿಯನ್ನು ನೇರವಾಗಿ ವಿದ್ಯುತ್ತನ್ನಾಗಿ ಪಡೆಯಲು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಡುವ ಸಾಧನವೇ ಇಂಧನಕೋಶ.

ನೀರಿನೊಳಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುವುದನ್ನು ನೀವು ಶಾಲೆಯ ಪ್ರಯೋಗದಲ್ಲಿ ಕಂಡಿರಬಹುದು. ಈ ಪ್ರಯೋಗವನ್ನು ತಿರುಗುಮುರುಗಾಗಿ ನಡೆಸಿದರೆ ಏನಾದೀತು? 1839ರಲ್ಲಿ ವಿಲಿಯಂ ಗ್ರೋವ್ ಎಂಬಾತನು ಇದನ್ನು ಮಾಡಿ ನೋಡಿದನು. ವೇಲ್ಸ್ ಪ್ರಾಂತದ ಈತನು ವೃತ್ತಿಯಿಂದ ನ್ಯಾಯವಾದಿ, ಪ್ರವೃತ್ತಿಯಿಂದ ವಿಜ್ಞಾನಿ. ಆಮ್ಲದಲ್ಲಿ ಅದ್ದಿದ ಎರಡು ಪ್ಲಾಟಿನಂ ಪಟ್ಟಿಗಳಲ್ಲಿ ಒಂದಕ್ಕೆ ಜಲಜನಕವನ್ನೂ ಇನ್ನೊಂದಕ್ಕೆ ಆಮ್ಲಜನಕವನ್ನೂ ಸೋಕಿಸಿದಾಗ, ಅವನ್ನು ಕೂಡಿಸಿದ ತಂತಿಯಲ್ಲಿ ವಿದ್ಯುತ್ತು ಹರಿಯಿತು. ಎರಡು ಅನಿಲಗಳೂ ಕೂಡಿ ಮತ್ತೆ ನೀರಾದವು. ಹೊಗೆಯಿಲ್ಲ, ಬೂದಿಯಿಲ್ಲ, ತಿರುಗುವ ಚಕ್ರವಿಲ್ಲ.

ಈ ಕ್ರಿಯೆಯ ಒಳಗುಟ್ಟನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ಜಲಜನಕದ ಪರಮಾಣುವಿನಲ್ಲಿ ಇರುವುದು ಒಂದೇ ಪ್ರೋಟಾನು ಮತ್ತು ಒಂದೇ ಎಲೆಕ್ಟ್ರಾನು. ಇಂಧನಕೋಶದ ಒಂದು ಬದಿಗೆ ಬಂದ ಜಲಜನಕವು ಅಲ್ಲಿ ಲೇಪಿಸಿರುವ ಪ್ಲಾಟಿನಂ ಕಣಗಳನ್ನು ಸೋಕಿದಾಗ ಇವೆರಡೂ ಬೇರ್ಪಡುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸಾಗುತ್ತವೆ. ಹಾಗೆ ಸಾಗುವಾಗಲೇ ಅವು ದೀಪವನ್ನು ಬೆಳಗುತ್ತವೆ, ಯಂತ್ರವನ್ನು ನಡೆಸುತ್ತವೆ. ಪ್ರೋಟಾನುಗಳು ಮಾತ್ರ ಒಳದಾರಿಯಿಂದ, ಅಂದರೆ ನಡುವೆ ಇರುವ ಪೊರೆಯನ್ನು ಹಾಯ್ದು, ಇನ್ನೊಂದು ಬದಿಯನ್ನು ಸೇರುತ್ತವೆ. ಅಲ್ಲಿ ಕಾದಿರುವ ಆಮ್ಲಜನಕದೊಡನೆ ಪ್ರೋಟಾನುಗಳೂ ಸುತ್ತಿ ಬಂದ ಎಲೆಕ್ಟ್ರಾನುಗಳೂ ಕೂಡಿದಾಗ ನೀರು ಉಂಟಾಗುತ್ತದೆ. ಸಿದ್ಧಾಂತದಂತೆ ಒಂದು ಕೋಶದಿಂದ 1.23 ವೋಲ್ಟ್ ದೊರೆಯಬೇಕು. ಕೆಲಸ ಮಾಡುವಾಗ ವಾಸ್ತವವಾಗಿ ದೊರೆಯುವುದು ಸುಮಾರು 0.6ರಿಂದ 0.7 ವೋಲ್ಟ್. ಆದುದರಿಂದ ಅನೇಕ ಕೋಶಗಳನ್ನು ರೊಟ್ಟಿಗಳಂತೆ ಒಂದರ ಮೇಲೊಂದು ಪೇರಿಸಿ ಬೇಕಾದಷ್ಟು ವೋಲ್ಟ್ ಪಡೆಯುತ್ತಾರೆ.

ಪ್ಲಾಟಿನಮ್ಮಿಗೆ ಬೆಲೆ ಹೆಚ್ಚು, ಅನಿಲಗಳಿಗೆ ಹೆಸರು ಹೆಚ್ಚು. ಆದರೆ ಕೋಶದ ಜೀವವಿರುವುದು ನಡುವಿನ ಪೊರೆಯಲ್ಲಿ. ಅದು ಏಕಕಾಲಕ್ಕೆ ಮೂರು ಕೆಲಸಗಳನ್ನು ಮಾಡಬೇಕು. ಮೊದಲನೆಯದಾಗಿ, ಪ್ರೋಟಾನುಗಳನ್ನು ಸರಾಗವಾಗಿ ಸಾಗಿಸಬೇಕು. ಎರಡನೆಯದಾಗಿ, ಎಲೆಕ್ಟ್ರಾನುಗಳನ್ನು ತಡೆಯಬೇಕು. ಅವು ಒಳದಾರಿ ಹಿಡಿದರೆ ಹೊರಗಿನ ತಂತಿಗೆ ಏನೂ ದಕ್ಕದು. ಮೂರನೆಯದಾಗಿ, ಜಲಜನಕವೂ ಆಮ್ಲಜನಕವೂ ಒಂದನ್ನೊಂದು ಕೂಡದಂತೆ ಗೋಡೆಯಾಗಿ ನಿಲ್ಲಬೇಕು. ಪೊರೆಯಲ್ಲಿ ಒಂದು ಸಣ್ಣ ರಂಧ್ರವಾದರೂ ಅನಿಲಗಳು ಬೆರೆತು ಅಲ್ಲಿಯೇ ಹೊತ್ತಿಕೊಂಡು ಕೋಶವು ಹಾಳಾಗಬಹುದು. ದಾರಿಯೂ ಆಗಬೇಕು, ಗೋಡೆಯೂ ಆಗಬೇಕು. ಇದು ಸುಲಭದ ಮಾತಲ್ಲ.

ಗ್ರೋವನ ಕಾಲದಲ್ಲಿ ಪೊರೆ ಇರಲಿಲ್ಲ. ದ್ರವರೂಪದ ಆಮ್ಲವೇ ಇತ್ತು. ದ್ರವವು ಚೆಲ್ಲುತ್ತದೆ, ಸೋರುತ್ತದೆ, ಲೋಹವನ್ನು ತಿನ್ನುತ್ತದೆ. 1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಥಾಮಸ್ ಗ್ರಬ್ ಎಂಬ ರಸಾಯನವಿಜ್ಞಾನಿಯು ದ್ರವದ ಬದಲು ಪಾಲಿಮರಿನ ಹಾಳೆಯನ್ನು ಬಳಸಿದನು. ಮೂರು ವರ್ಷಗಳ ಅನಂತರ ಅವನ ಸಹೋದ್ಯೋಗಿ ಲೆನಾರ್ಡ್ ನೀಡ್ರಾಕ್ ಆ ಹಾಳೆಯ ಮೇಲೆ ಪ್ಲಾಟಿನಂ ಕೂರಿಸುವ ಬಗೆಯನ್ನು ಕಂಡುಹಿಡಿದನು. 1965ರ ಆಗಸ್ಟಿನಲ್ಲಿ ಜೆಮಿನಿ-5 ವ್ಯೋಮನೌಕೆಯು ಇಂಥ ಕೋಶಗಳನ್ನು ಹೊತ್ತು ಭೂಮಿಯನ್ನು ಸುತ್ತಿತು. ಅದೇ ದಶಕದ ಕೊನೆಯ ವರ್ಷಗಳಲ್ಲಿ ಡುಪಾಂಟ್ ಕಂಪನಿಯ ವಾಲ್ಟರ್ ಗ್ರೋಟ್ ಎಂಬಾತನು ನೇಫಿಯಾನ್ ಎಂಬ ಪಾಲಿಮರನ್ನು ಸಿದ್ಧಪಡಿಸಿದನು. ಅದರ ಸುಪ್ರಸಿದ್ಧ ಹಾಳೆಯೊಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತಲೂ ತೆಳು. ಇಂದಿಗೂ ಹೊಸ ಪೊರೆಗಳನ್ನೆಲ್ಲ ಅದರೊಡನೆ ಹೋಲಿಸಿಯೇ ಬೆಲೆಕಟ್ಟುತ್ತಾರೆ.

ನಮ್ಮ ದೇಶವೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2024ರ ಜನವರಿ 1ರಂದು ಹಾರಿಸಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನಲ್ಲಿ ಪಾಲಿಮರ್ ಪೊರೆಯ ಇಂಧನಕೋಶವೊಂದನ್ನು ಇರಿಸಿತ್ತು. ಭೂಮಿಯನ್ನು ಸುತ್ತುತ್ತಿದ್ದ ವೇದಿಕೆಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಅದು 180 ವಾಟ್ ವಿದ್ಯುತ್ತನ್ನು ನೀಡಿತು. ಕೋಶದೊಳಗೆ ಕೂಡಿದ್ದು ಜಲಜನಕ ಮತ್ತು ಆಮ್ಲಜನಕ. ಹೊರಬಂದದ್ದು ವಿದ್ಯುತ್ತು, ಶಾಖ ಮತ್ತು ನೀರು.

ಇಷ್ಟೆಲ್ಲ ಆದ ಮೇಲೂ ಉಳಿದಿರುವ ಸಮಸ್ಯೆ ಯಾವುದು? ಪ್ರೋಟಾನುಗಳು ಪೊರೆಯನ್ನು ಹಾಯುವ ಬಗೆಯನ್ನು ತಿಳಿದರೆ ಅದು ಸ್ಪಷ್ಟವಾಗುತ್ತದೆ. ಪ್ರೋಟಾನು ಒಣ ಹಾಳೆಯಲ್ಲಿ ಸುಲಭವಾಗಿ ಚಲಿಸಲಾರದು. ಅದಕ್ಕೆ ನೀರಿನ ಅಣುಗಳ ನೆರವು ಬೇಕು. ಕೆಲವು ಪ್ರೋಟಾನುಗಳು ನೀರಿನ ಅಣುವನ್ನೇ ವಾಹನ ಮಾಡಿಕೊಂಡು ಅದರೊಡನೆ ಸಾಗುತ್ತವೆ. ಇನ್ನು ಕೆಲವು ಒಂದು ಅಣುವಿನಿಂದ ಪಕ್ಕದ ಅಣುವಿಗೆ ನೆಗೆಯುತ್ತವೆ. ಮನೆ ಕಟ್ಟುವಾಗ ಕೂಲಿಯವರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ಸಾಗಿಸುವುದನ್ನು ನೀವು ನೋಡಿರಬಹುದು. ನಿಂತವರು ನಿಂತಲ್ಲೇ ಇರುತ್ತಾರೆ, ಇಟ್ಟಿಗೆ ಮಾತ್ರ ಮುಂದೆ ಹೋಗುತ್ತದೆ. ಪ್ರೋಟಾನಿನ ನೆಗೆತವೂ ಹೀಗೆಯೇ. 1806ರಷ್ಟು ಹಿಂದೆಯೇ ಗ್ರೊಟಸ್ ಎಂಬ ವಿಜ್ಞಾನಿಯು ನೀರಿನಲ್ಲಿ ವಿದ್ಯುತ್ತು ಹೀಗೆ ಸರಪಳಿಯಂತೆ ಸಾಗುತ್ತದೆ ಎಂದು ಊಹಿಸಿದ್ದನು. ಅವನ ಹೆಸರಿನಿಂದಲೇ ಈ ಕ್ರಮವನ್ನು ಇಂದಿಗೂ ಕರೆಯುತ್ತಾರೆ.

ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಎದ್ದುಹೋದರೆ ಇಟ್ಟಿಗೆ ಮುಂದೆ ಸಾಗದು. ನೇಫಿಯಾನ್ ಪೊರೆಗೆ ಬರುವ ಆಪತ್ತು ಇದೇ. ಸುಮಾರು 80 ಡಿಗ್ರಿ ಸೆಲ್ಸಿಯಸ್ ವರೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಹೆಚ್ಚು ಬಿಸಿಯಾದರೆ ಪೊರೆಯೊಳಗಿನ ನೀರು ಆವಿಯಾಗತೊಡಗುತ್ತದೆ. ನೂರು ಡಿಗ್ರಿಯನ್ನು ದಾಟಿದರಂತೂ ನೀರನ್ನು ಹಿಡಿದು ನಿಲ್ಲಿಸುವುದು ಬಹಳ ಕಷ್ಟ. ನೀರು ಹೋದಂತೆ ಪ್ರೋಟಾನುಗಳ ದಾರಿ ಕಡಿದುಹೋಗುತ್ತದೆ. ಪೊರೆಯು ಎರೆಮಣ್ಣಿನಂತೆ ಕುಗ್ಗಿ, ಸೀಳಿ ಬಿಡುವ ಸಂಭವವೂ ಉಂಟು.

ಹಾಗಿದ್ದರೆ ಕೋಶವನ್ನು ತಂಪಾಗಿಯೇ ಇಟ್ಟುಕೊಳ್ಳಬಾರದೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಆದರೆ ಹೆಚ್ಚಿನ ಉಷ್ಣತೆಯನ್ನು ಬಯಸಲು ಬಲವಾದ ಕಾರಣಗಳಿವೆ. ಅವುಗಳಲ್ಲಿ ಮೊದಲನೆಯದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಸೌದೆ, ಕಲ್ಲಿದ್ದಲು ಅಥವಾ ನೈಸರ್ಗಿಕ ಅನಿಲದಿಂದ ಜಲಜನಕವನ್ನು ತಯಾರಿಸಿದಾಗ ಇದೂ ಅದರೊಡನೆ ಬೆರೆತು ಬರುತ್ತದೆ. ಇದು ಪ್ಲಾಟಿನಂ ಕಣಗಳ ಮೇಲೆ ಅಂಟಿ ಕುಳಿತು ಜಲಜನಕಕ್ಕೆ ಎಡೆಗೊಡುವುದಿಲ್ಲ. 80 ಡಿಗ್ರಿಯಲ್ಲಿ ಕೆಲಸ ಮಾಡುವ ಕೋಶಕ್ಕೆ ಹತ್ತು ಲಕ್ಷ ಭಾಗ ಅನಿಲದಲ್ಲಿ ಇದರ 10ರಿಂದ 20 ಭಾಗ ಬೆರೆತಿದ್ದರೂ ತೊಂದರೆಯಾಗುತ್ತದೆ. ಆದರೆ 160ರಿಂದ 180 ಡಿಗ್ರಿಯಲ್ಲಿ ಅದು ಪ್ಲಾಟಿನಮ್ಮಿನ ಮೇಲೆ ಗಟ್ಟಿಯಾಗಿ ಕುಳಿತಿರಲಾರದು. ಆಗ ನೂರು ಭಾಗಕ್ಕೆ ಒಂದರಿಂದ ಮೂರು ಭಾಗದವರೆಗೆ ಇದ್ದರೂ ಕೋಶವು ತಾಳಿಕೊಳ್ಳುತ್ತದೆ. ಶುದ್ಧೀಕರಣದ ಖರ್ಚು ಇದರಿಂದ ಬಹಳ ಕಡಿಮೆಯಾಗುತ್ತದೆ.

ಎರಡನೆಯ ಕಾರಣವು ನಮ್ಮಂಥ ಬಿಸಿಲುನಾಡಿನವರಿಗೆ ಮುಖ್ಯವಾದುದು. ಇಂಧನಕೋಶವು ವಿದ್ಯುತ್ತಿನೊಡನೆ ಶಾಖವನ್ನೂ ಉಂಟುಮಾಡುತ್ತದೆ. ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಡಬೇಕು. ಕೋಶಕ್ಕೂ ಗಾಳಿಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಶಾಖವು ಬೇಗ ಹೊರಹೋಗುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆ 43 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆಗ 80 ಡಿಗ್ರಿಯ ಕೋಶಕ್ಕೂ ಗಾಳಿಗೂ ನಡುವಣ ಅಂತರ 37 ಡಿಗ್ರಿ ಮಾತ್ರ. ಕೋಶವು 160 ಡಿಗ್ರಿಯಲ್ಲಿ ನಡೆಯುವಂತಿದ್ದರೆ ಅಂತರ 117 ಡಿಗ್ರಿ. ಅಂದರೆ ಮೂರು ಪಟ್ಟಿಗೂ ಹೆಚ್ಚು. ಮೊದಲನೆಯದಕ್ಕೆ ದೊಡ್ಡ ಶೀತಕ ಯಂತ್ರ ಬೇಕು. ಎರಡನೆಯದಕ್ಕೆ ಚಿಕ್ಕದು ಸಾಕು. ಚಳಿನಾಡಿನ ಪ್ರಯೋಗಾಲಯದಲ್ಲಿ ಅಷ್ಟಾಗಿ ಕಾಡದ ತೊಡಕು ನಮ್ಮ ಊರಿನಲ್ಲಿ ಎದ್ದು ಕಾಣುತ್ತದೆ. ಇದಲ್ಲದೆ, ಪೊರೆಯನ್ನು ಸದಾ ಒದ್ದೆಯಾಗಿಡುವ ಸಲಕರಣೆಗಳ ಭಾರವೂ ಖರ್ಚೂ ಬೇರೆ ಇವೆ.

ಆದುದರಿಂದ, ಬಿಸಿಯಲ್ಲೂ ತನ್ನೊಳಗಿನ ದ್ರವವನ್ನು ಬಿಟ್ಟುಕೊಡದ ಪೊರೆಯೊಂದು ಬೇಕಾಯಿತು. ದ್ರವವನ್ನು ಹಿಡಿದಿಡುವ ಘನವಸ್ತು ಯಾವುದು? ಇದಕ್ಕೆ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜವನ್ನು ನೋಡಿರಿ. ಒಣಗಿದಾಗ ಅದು ಸಾಸಿವೆಯಂತೆ ಸಣ್ಣದು. ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅದರ ಸುತ್ತ ತಿಳಿಯಾದ ಲೋಳೆಯ ಕವಚವೊಂದು ಉಬ್ಬಿಕೊಳ್ಳುತ್ತದೆ. ಆ ಕವಚದ ಹೆಚ್ಚಿನ ಭಾಗವೆಲ್ಲ ನೀರೇ. ಆದರೂ ಅದು ಹರಿದುಹೋಗುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಕಮಲಾಪುರದಲ್ಲಿ ಕಾಣಬಹುದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರು ತನ್ನ ಕೆಂಪು ಬಾಳೆಯಿಂದ ಹೆಸರಾಗಿದೆ. ಆ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಗೊನೆ ಕಡಿದ ಮೇಲೆ ತೋಟದಲ್ಲಿ ಉಳಿಯುವ ಬಾಳೆಯ ಕಾಂಡವನ್ನು ಅಡ್ಡಲಾಗಿ ಸೀಳಿದರೆ ಅದರಿಂದ ನೀರು ಜಿನುಗುತ್ತದೆ. ಆ ಕಾಂಡದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ನೀರೇ ಇರುತ್ತದೆ. ಅಷ್ಟು ನೀರನ್ನು ಕೊಡದಲ್ಲಿ ತುಂಬಿ, ಕೊಡವನ್ನು ಒಡೆದರೆ ಎಲ್ಲವೂ ಹರಿದುಹೋಗುತ್ತದೆ. ಬಾಳೆಯ ಕಾಂಡವಾದರೋ ನೆಟ್ಟಗೆ ನಿಂತು ಭಾರವಾದ ಗೊನೆಯನ್ನು ಹೊರುತ್ತದೆ. ನೀರನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದು ಅಲ್ಪ ಪ್ರಮಾಣದ ನಾರು ಮತ್ತು ಜೀವಕೋಶಗಳ ತೆಳುವಾದ ಗೋಡೆಗಳು. ಸ್ವಲ್ಪ ಘನ, ಬಹಳ ದ್ರವ, ಆದರೂ ದೃಢವಾದ ಆಕಾರ — ವಿಜ್ಞಾನಿಗಳು ಹುಡುಕುತ್ತಿದ್ದ ಗುಣವು ಇಂಥದೇ.

ಈ ಗುಣವನ್ನು ಪಾಲಿಮರಿನಲ್ಲಿ ಪಡೆಯುವುದು ಹೇಗೆ? ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೊಂಡಿಗಳಂತೆ ಸೇರಿ ಆದ ಉದ್ದನೆಯ ಸರಪಳಿ. ನೀರನ್ನು ಒಲಿಯುವ ಸರಪಳಿಗಳು ಬಿಡಿಬಿಡಿಯಾಗಿದ್ದರೆ ನೀರಿನಲ್ಲಿ ಕರಗಿಹೋಗುತ್ತವೆ. ಅವುಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟುಹಾಕಿದರೆ ಬಲೆಯಂಥ ಜಾಲವಾಗುತ್ತದೆ. ಆ ಜಾಲವು ನೀರನ್ನು ಕುಡಿದು ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಇಂಥ ವಸ್ತುವಿಗೆ ಹೈಡ್ರೊಜೆಲ್ ಎಂದು ಹೆಸರು. 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲೀಮ್ ಎಂಬ ವಿಜ್ಞಾನಿಗಳು ಇಂಥ ಜೆಲ್ಲನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಮರುವರ್ಷ ಕ್ರಿಸ್‌ಮಸ್ಸಿನ ಸಮಯದಲ್ಲಿ ವಿಖ್ಟರ್ಲೆಯು ಮಕ್ಕಳ ಆಟದ ಲೋಹದ ಪಟ್ಟಿಗಳನ್ನೂ ಸೈಕಲ್ಲಿನ ಡೈನಮೊವನ್ನೂ ಸೇರಿಸಿ ಮನೆಯಲ್ಲೇ ಒಂದು ಯಂತ್ರವನ್ನು ಕಟ್ಟಿದನು. ಕಣ್ಣಿಗೆ ತೊಡುವ ಮೃದುವಾದ ಮಸೂರಗಳನ್ನು ಅದರಿಂದ ತಯಾರಿಸಿದನು. ಇಂದು ಲಕ್ಷಾಂತರ ಜನ ಕನ್ನಡಕಕ್ಕೆ ಬದಲಾಗಿ ಧರಿಸುವ ಮಸೂರಗಳ ಮೂಲ ಇದೇ. ದೊಡ್ಡ ಸಂಶೋಧನೆಗೆ ದೊಡ್ಡ ಯಂತ್ರವೇ ಬೇಕೆಂಬ ನಿಯಮವಿಲ್ಲ.

ಇಂಧನಕೋಶಕ್ಕೆ ಬೇಕಾದ ಜೆಲ್ ಪೊರೆಗಳಲ್ಲಿ ಹೆಚ್ಚಾಗಿ ಪರೀಕ್ಷೆಗೆ ಒಳಗಾಗಿರುವುದು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಅಗ್ಗದ ಪಾಲಿಮರು. ಬಿಳಿಯ ಪುಡಿಯ ರೂಪದ ಇದನ್ನು ಬಿಸಿನೀರಿನಲ್ಲಿ ಕಲಕಿ ಕರಗಿಸುತ್ತಾರೆ. ಪ್ರೋಟಾನು ಸಾಗಿಸಬಲ್ಲ ಆಮ್ಲವೊಂದನ್ನು ಅದರೊಡನೆ ಬೆರೆಸುತ್ತಾರೆ. ಸರಪಳಿಗಳಿಗೆ ಗಂಟುಹಾಕಲು ಗ್ಲುಟರಾಲ್ಡಿಹೈಡ್ ಎಂಬ ದ್ರವವನ್ನು ಬಳಸುತ್ತಾರೆ. ಅನಂತರ ಆ ಪಾಕವನ್ನು ಸಮತಟ್ಟಾದ ಗಾಜಿನ ಫಲಕದ ಮೇಲೆ ಸುರಿದು ಆರಲು ಬಿಡುತ್ತಾರೆ. ಹಂಚಿನ ಮೇಲೆ ಹರಡಿದ ದೋಸೆಯ ಹಿಟ್ಟು ಹಾಳೆಯಾಗುವಂತೆ ಅದೂ ತೆಳುವಾದ ಹಾಳೆಯಾಗುತ್ತದೆ. ಈ ಹಾಳೆಯನ್ನು ತೂಗಿ, ನೀರಿನಲ್ಲಿ ನೆನೆಸಿ, ಮತ್ತೆ ತೂಗಿದರೆ ಅದು ಎಷ್ಟು ನೀರನ್ನು ಹಿಡಿಯಿತೆಂದು ತಿಳಿಯುತ್ತದೆ. ಒಣಗಿದಾಗ ಅರ್ಧ ಗ್ರಾಂ ತೂಗುವ ಹಾಳೆ ನೆನೆದ ಮೇಲೆ 0.8 ಗ್ರಾಂ ತೂಗಿದರೆ, ಅದು ತನ್ನ ತೂಕದ ನೂರಕ್ಕೆ 60 ಭಾಗದಷ್ಟು ನೀರನ್ನು ಕುಡಿದಂತಾಯಿತು.

ಇಂಥ ಕೆಲಸಕ್ಕೆ ಬೇಕಾದ ಮೊದಲ ಸಲಕರಣೆಗಳು ಬೀಕರು, ತಕ್ಕಡಿ, ಒಲೆ ಮತ್ತು ಗಾಜಿನ ಫಲಕ. ಆದುದರಿಂದಲೇ ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಲ್ಲಿಯೂ ಇದನ್ನು ಕೈಗೊಳ್ಳಲು ಸಾಧ್ಯ. 1980ರಲ್ಲಿ ಸ್ಥಾಪನೆಗೊಂಡ ಗುಲ್ಬರ್ಗಾ ವಿಶ್ವವಿದ್ಯಾಲಯದ ವಸ್ತುವಿಜ್ಞಾನ ವಿಭಾಗದಲ್ಲಿ ಪಾಲಿಅನಿಲೀನ್ ಮುಂತಾದ, ವಿದ್ಯುತ್ತನ್ನು ಹರಿಯಗೊಡುವ ಪಾಲಿಮರುಗಳ ಮೇಲೆ ಸಂಶೋಧನೆ ನಡೆದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ತೇಜರಾಜ ಅಮಿನಭಾವಿಯವರು ಮತ್ತು ಅವರ ಶಿಷ್ಯರು ಪಾಲಿಮರ್ ಪೊರೆಗಳ ಅಧ್ಯಯನದಲ್ಲಿ ಹೆಸರು ಗಳಿಸಿದರು. ಕಡಲಕಳೆಯಿಂದ ದೊರೆಯುವ ಆಲ್ಜಿನೇಟ್, ಸಿಗಡಿಯ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಇಂಥ ನೈಸರ್ಗಿಕ ಪಾಲಿಮರುಗಳನ್ನೂ ಅವರು ಪೊರೆಗಳಾಗಿಸಿ ಪರೀಕ್ಷಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ. ಕೆ. ಶುಕ್ಲಾ ಅವರು ಇಂಧನಕೋಶಗಳ ಸಂಶೋಧನೆಯಲ್ಲಿ ದೀರ್ಘಕಾಲ ತೊಡಗಿದ್ದರು. ಪಾಲಿವಿನೈಲ್ ಆಲ್ಕೊಹಾಲಿನ ಪೊರೆಗಳೂ ಅವರ ಅಧ್ಯಯನದ ವಿಷಯವಾಗಿದ್ದವು.

ಆದರೆ ಒಂದು ಮಾತನ್ನು ಮರೆಯಬಾರದು. ಜಾಲವು ಎಷ್ಟೇ ಬಿಗಿಯಾಗಿದ್ದರೂ ಅದರೊಳಗಿರುವುದು ನೀರು. ನೂರು ಡಿಗ್ರಿಯಲ್ಲಿ ಕುದಿಯುವುದು ನೀರಿನ ಧರ್ಮ. ಹೈಡ್ರೊಜೆಲ್ ಪೊರೆಯು ನೀರಿನ ನಿರ್ಗಮನವನ್ನು ತಡಮಾಡೀತು; ನಿಲ್ಲಿಸಲಾರದು. ಇಲ್ಲಿಗೆ ಬಂದಾಗ ವಿಜ್ಞಾನಿಗಳು ತಮ್ಮ ಪ್ರಶ್ನೆಯನ್ನೇ ಬದಲಾಯಿಸಿಕೊಂಡರು. ನೀರನ್ನು ಹಿಡಿದಿಡುವುದು ಹೇಗೆ ಎಂದು ಕೇಳುವ ಬದಲು, ಹಿಡಿದಿಡಬೇಕಾದುದು ನೀರೇ ಆಗಬೇಕೆ ಎಂದು ಕೇಳಿದರು. ಇಟ್ಟಿಗೆಯನ್ನು ಕೈಯಿಂದ ಕೈಗೆ ಸಾಗಿಸಲು ಬೇರೆಯವರು ಸಿಕ್ಕರೆ, ಬಿಸಿಲಿಗೆ ಓಡಿಹೋಗುವವರನ್ನು ಹಿಡಿದು ನಿಲ್ಲಿಸುವ ಕಷ್ಟವೇಕೆ?

ಅಂಥ ದ್ರವವೊಂದು ಇದ್ದೇ ಇತ್ತು. ಅದು ಫಾಸ್ಫಾರಿಕ್ ಆಮ್ಲ. ಶುದ್ಧವಾದಾಗ ಇದು ಹರಳಾಗಿರುತ್ತದೆ. ಕರಗುವುದು 42 ಡಿಗ್ರಿಯಲ್ಲಿ. ಅಂದರೆ ಕಲಬುರಗಿಯ ಕಡುಬೇಸಿಗೆಯ ಮಧ್ಯಾಹ್ನವೊಂದೇ ಅದನ್ನು ಕರಗಿಸಲು ಸಾಕು. ಆದರೆ ಕರಗಿದ ಮೇಲೆ ಅದು ನೀರಿನಂತೆ ಬೇಗನೆ ಆವಿಯಾಗುವುದಿಲ್ಲ. 160, 180 ಡಿಗ್ರಿಯಲ್ಲಿಯೂ ದ್ರವವಾಗಿಯೇ ನಿಲ್ಲುತ್ತದೆ. ಅದರ ಅಣುಗಳು ಪ್ರೋಟಾನುಗಳನ್ನು ಒಂದರಿಂದ ಒಂದಕ್ಕೆ ದಾಟಿಸುವುದರಲ್ಲಿ ಬಹಳ ಚುರುಕು. ಕೊರತೆಯೆಂದರೆ, ಗ್ರೋವನ ಆಮ್ಲದಂತೆ ಇದೂ ದ್ರವ. ಬಿಸಿಯನ್ನೂ ಆಮ್ಲವನ್ನೂ ತಾಳಿಕೊಂಡು ಇದನ್ನು ತನ್ನೊಳಗೆ ಹಿಡಿದಿಡುವ ಪಾಲಿಮರು ಬೇಕಿತ್ತು.

ಆ ಪಾಲಿಮರು ಬೇರೊಂದು ಉದ್ದೇಶಕ್ಕಾಗಿ ಮೊದಲೇ ಹುಟ್ಟಿತ್ತು. 1961ರಲ್ಲಿ ಅಮೆರಿಕದ ಕಾರ್ಲ್ ಮಾರ್ವೆಲ್ ಮತ್ತು ಅವನ ಸಂಗಡಿಗನೊಬ್ಬನು ಪಾಲಿಬೆಂಜಿಮಿಡಜೋಲ್ ಎಂಬ ಪಾಲಿಮರುಗಳನ್ನು ಕುರಿತು ಬರೆದಿದ್ದರು. ಉರಿಗೆ ಸುಲಭವಾಗಿ ಬಗ್ಗದ ಈ ವಸ್ತುವಿನ ನೂಲಿನಿಂದ ಬೆಂಕಿ ಆರಿಸುವವರ ಉಡುಪುಗಳನ್ನು ನೇಯುತ್ತಾರೆ. 1995ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪಾಲಿಮರಿನ ಹಾಳೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಇಂಧನಕೋಶದ ಪೊರೆಯಾಗಿ ಬಳಸಬಹುದೆಂದು ತೋರಿಸಿದರು. 2005ರಲ್ಲಿ ಬ್ರಯಾನ್ ಬೆನಿಸೆವಿಚ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಹಾಳೆಯನ್ನು ಮಾಡಿ ಅನಂತರ ನೆನೆಸಲಿಲ್ಲ. ಪಾಲಿಫಾಸ್ಫಾರಿಕ್ ಆಮ್ಲದಲ್ಲಿಯೇ ಪಾಲಿಮರನ್ನು ತಯಾರಿಸಿ, ಆ ಬಿಸಿ ಪಾಕವನ್ನು ಹಾಗೆಯೇ ಹಾಳೆಯಾಗಿ ಸುರಿದರು. ತಣಿಯುತ್ತಿರುವ ಹಾಳೆಯು ಗಾಳಿಯ ತೇವವನ್ನು ಹೀರಿಕೊಂಡಂತೆ ಪಾಲಿಫಾಸ್ಫಾರಿಕ್ ಆಮ್ಲವು ಫಾಸ್ಫಾರಿಕ್ ಆಮ್ಲವಾಗಿ ಬದಲಾಯಿತು. ಆ ಬದಲಾದ ಆಮ್ಲದಲ್ಲಿ ಪಾಲಿಮರು ಕರಗಿ ಉಳಿಯಲಾರದೆ ಜಾಲವಾಗಿ ನಿಂತಿತು. ಹೀಗೆ ಪಾಕವೇ ಜೆಲ್ಲಾಯಿತು. ಕಮಲಾಪುರದ ಬಾಳೆಯ ಕಾಂಡದಂತೆ ಇದರಲ್ಲಿಯೂ ತೂಕದ ಬಹುಪಾಲು ದ್ರವ. ಹಿಡಿದು ನಿಲ್ಲಿಸುವ ಪಾಲಿಮರು ಅಲ್ಪಾಂಶ.

ಇಲ್ಲಿಗೆ ಸಮಸ್ಯೆಯು ಪೂರ್ತಿಯಾಗಿ ಬಗೆಹರಿಯಿತೆಂದು ತಿಳಿಯಬಾರದು. ಜೆಲ್ಲಿನಲ್ಲಿ ಆಮ್ಲ ಹೆಚ್ಚಿದಷ್ಟೂ ಪ್ರೋಟಾನುಗಳು ವೇಗವಾಗಿ ಸಾಗುತ್ತವೆ. ಆದರೆ ಪೊರೆಯು ಮೆತ್ತಗಾಗಿ ಒತ್ತಡಕ್ಕೆ ಸರಿದುಹೋಗುತ್ತದೆ. ಜಾಲವನ್ನು ಬಿಗಿಗೊಳಿಸಿದರೆ ಪೊರೆಯು ಗಟ್ಟಿಯಾಗುತ್ತದೆ. ಆದರೆ ಪ್ರೋಟಾನುಗಳ ದಾರಿ ಇಕ್ಕಟ್ಟಾಗುತ್ತದೆ. ಕೋಶವನ್ನು ನಿಲ್ಲಿಸಿದಾಗ ಅದು ತಣಿದು, ಒಳಗೆ ನೀರಿನ ಹನಿಗಳು ಕೂಡಿದರೆ ಅವು ಆಮ್ಲವನ್ನು ತೊಳೆದು ಒಯ್ಯುತ್ತವೆ. ನಡೆಸುವ ಮೊದಲು ಕೋಶವನ್ನು ನೂರು ಡಿಗ್ರಿಗಿಂತ ಮೇಲೆ ಬಿಸಿಮಾಡಬೇಕಾದುದರಿಂದ, ಗುಂಡಿ ಒತ್ತಿದ ಕ್ಷಣವೇ ವಿದ್ಯುತ್ತು ಬಾರದು. ಬಿಸಿ ಆಮ್ಲದ ನಡುವೆ ಪ್ಲಾಟಿನಂ ಕಣಗಳೂ ಅವುಗಳನ್ನು ಹೊತ್ತ ಇಂಗಾಲವೂ ಕ್ರಮೇಣ ಸವೆಯುತ್ತವೆ. ಇವುಗಳನ್ನು ನಿವಾರಿಸಲು ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಇಂದಿಗೂ ಕೆಲಸ ನಡೆಯುತ್ತಿದೆ. ಭಾರತದ ನೌಕಾ ಸಾಮಗ್ರಿಗಳ ಸಂಶೋಧನಾ ಪ್ರಯೋಗಾಲಯವು ಜಲಾಂತರ್ಗಾಮಿಗಳಿಗಾಗಿ ಫಾಸ್ಫಾರಿಕ್ ಆಮ್ಲವನ್ನೇ ಬಳಸುವ ಇಂಧನಕೋಶ ವ್ಯವಸ್ಥೆಯನ್ನು ರೂಪಿಸಿದೆ. ನೆಲದ ಮೇಲಿನ ಅದರ ಮಾದರಿಯು 2021ರ ಮಾರ್ಚಿನಲ್ಲಿ ಪರೀಕ್ಷೆಯಲ್ಲಿ ಯಶಸ್ವಿಯಾಯಿತು.

ಈ ಪೊರೆಯಿಂದ ನಮ್ಮ ಹಳ್ಳಿಗಳಿಗೆ ಏನು ಪ್ರಯೋಜನವಾದೀತು? ಕಲಬುರಗಿಯು ತೊಗರಿಯ ಕಣಜ. ಸುಗ್ಗಿಯ ಅನಂತರ ಹೊಲಗಳಲ್ಲಿ ಉಳಿಯುವ ತೊಗರಿ ಕಟ್ಟಿಗೆಯು ಒಲೆಗೂ ಬೇಲಿಗೂ ಸಲ್ಲುತ್ತದೆ. ಮಿಕ್ಕದ್ದನ್ನು ಹೊಲದಲ್ಲಿಯೇ ಸುಡುವುದೂ ಉಂಟು. ಕಟ್ಟಿಗೆಯನ್ನು ಮಿತವಾದ ಗಾಳಿಯಲ್ಲಿ ಕಾಯಿಸಿ ಉರಿಯುವ ಅನಿಲವನ್ನಾಗಿ ಮಾಡುವ ವಿದ್ಯೆಯಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ಬೆಳಕು ಕೊಟ್ಟರು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕ ದಾಸಪ್ಪನವರ ತಂಡವು ಆಮ್ಲಜನಕ ಮತ್ತು ಹಬೆಗಳನ್ನು ಬಳಸಿ ಜೈವಿಕ ತ್ಯಾಜ್ಯದಿಂದ ಜಲಜನಕವನ್ನು ಪಡೆಯುವ ವಿಧಾನವನ್ನು ರೂಪಿಸಿತು. ಒಂದು ಕಿಲೋಗ್ರಾಂ ತ್ಯಾಜ್ಯದಲ್ಲಿ ಇರುವ ಜಲಜನಕ ಸುಮಾರು 60 ಗ್ರಾಂ. ಹಬೆಯ ನೀರಿನಿಂದಲೂ ಜಲಜನಕ ಸೇರುವುದರಿಂದ ಅವರು ಪಡೆದದ್ದು 100 ಗ್ರಾಂ. ಕಟ್ಟಿಗೆಯ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ. ಹಬೆಯೊಡನೆ ಕ್ರಿಯೆ ನಡೆಸಿ ಅದರ ಪ್ರಮಾಣವನ್ನು ನೂರಕ್ಕೆ ಒಂದು ಭಾಗದ ಮಟ್ಟಕ್ಕೆ ತರುವುದು ಸಾಧ್ಯವಾದ ಕೆಲಸ. ಅಲ್ಲಿಂದ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕೆ ಇಳಿಸುವುದೇ ಖರ್ಚಿನ ಕೆಲಸ. ಬಿಸಿಯಲ್ಲಿ ನಡೆಯುವ ಕೋಶಕ್ಕೆ ಆ ಕೊನೆಯ ಖರ್ಚು ಬೇಕಿಲ್ಲ. ತೊಗರಿ ಕಟ್ಟಿಗೆಯ ಅನಿಲವು ಊರಿನ ದೀಪವಾಗುವುದೋ ಇಲ್ಲವೋ ಎಂಬುದು, ಬಹುಮಟ್ಟಿಗೆ, ಕಾಗದದಷ್ಟು ತೆಳುವಾದ ಪೊರೆಯೊಂದು 160 ಡಿಗ್ರಿಯ ಬೇಗೆಯನ್ನು ಎಷ್ಟು ವರ್ಷ ತಾಳಿಕೊಳ್ಳುತ್ತದೆ ಎಂಬುದನ್ನು ಅವಲಂಬಿಸಿದೆ.

ಈ ಪೊರೆಯ ಕಥೆಯಲ್ಲಿ ಒಬ್ಬನೇ ನಾಯಕನಿಲ್ಲ. ನ್ಯಾಯವಾದಿಯೊಬ್ಬನು ಆರಂಭಿಸಿದ ಪ್ರಯೋಗಕ್ಕೆ ವ್ಯೋಮಯಾನ ನೆರವಾಯಿತು. ಕಣ್ಣಿನ ಮಸೂರಕ್ಕಾಗಿ ನಡೆದ ಶೋಧವು ಜೆಲ್ಲಿನ ಗುಣವನ್ನು ತಿಳಿಸಿತು. ಬೆಂಕಿ ಆರಿಸುವವನ ಉಡುಪಿನ ನೂಲು ಆಮ್ಲವನ್ನು ಹಿಡಿದಿಟ್ಟಿತು. ಉಳಿದಿರುವ ತೊಡಕುಗಳನ್ನು ಬಿಡಿಸುವವರು ಎಲ್ಲಿಂದ ಬರುವರೆಂದು ಮೊದಲೇ ಹೇಳಲಾಗದು. ಬಿಸಿಲಿನ ಬೇಗೆಯಲ್ಲಿ ನೆಲ ಒಣಗುವುದನ್ನು ಕಂಡು ಬೆಳೆದವರಿಗೆ, ದ್ರವವನ್ನು ಹಿಡಿದಿಡುವುದರ ಬೆಲೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಮುಂದಿನ ಬಾರಿ ಕಾಮಕಸ್ತೂರಿಯ ಬೀಜವನ್ನು ನೀರಿಗೆ ಹಾಕಿದಾಗ ಅದರ ಒಣ ತೂಕವನ್ನೂ ನೆನೆದ ತೂಕವನ್ನೂ ಬರೆದಿಟ್ಟುಕೊಳ್ಳಿರಿ. ಅನಂತರ ಅದನ್ನು ಬಿಸಿಲಿನಲ್ಲಿಟ್ಟು, ಗಂಟೆಗೊಮ್ಮೆ ತೂಗಿ ನೋಡಿರಿ. ಪ್ರಯೋಗಾಲಯದಲ್ಲಿ ಹೊಸ ಪೊರೆಯ ಪರೀಕ್ಷೆಯೂ ಇಂಥ ತೂಕದಿಂದಲೇ ಆರಂಭವಾಗುತ್ತದೆ.